ಫಾರ್ಮ್ಯಾಟ್ ಮಾಡಲೇ ಎಂದು ಕೇಳಿದರೆ ಬೇಡ ಎನ್ನಿ

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಮಾಮೂಲಿ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11 ಹಾಕಿಕೊಳ್ಳೋಣ ಎಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಕೇಳುತ್ತದೆ. ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನದೋ ಅದಕ್ಕಿಂತ ಹೊಸದೋ ಆಗಿರಬೇಕು. ಅಥಣಿ ತಾಲ್ಲೂಕಿನ ಅನಂತಪುರದಂಥ ಊರುಗಳಲ್ಲಿ ಝೆರಾಕ್ಸ್, ಲಗ್ನಪತ್ರಿಕೆ, ಆನ್‌ಲೈನ್ ಅರ್ಜಿ, ಉತಾರ ಎಂದು ದಿನವಿಡೀ ದುಡಿಯುವ ಅಂಗಡಿಯ ಕಂಪ್ಯೂಟರು ಬಹುಪಾಲು ಸೆಕೆಂಡ್‌ಹ್ಯಾಂಡ್ ಮಾಲು. ಅದಕ್ಕೆ ಆ ಯೋಗ್ಯತೆ ಎಲ್ಲಿಂದ ಬರಬೇಕು? ಹಾಗೆಂದು ಗಟ್ಟಿಮುಟ್ಟಾದ ಯಂತ್ರವನ್ನು ಗುಜರಿಗೆ ಹಾಕಲು ಯಾರಿಗೂ ಮನಸ್ಸು ಬರುವುದಿಲ್ಲ. ಹೀಗಾಗಿ ಉಬುಂಟು, ಲಿನಕ್ಸ್ ಮಿಂಟ್ ಎಂಬ ಲಿನಕ್ಸ್ ಆವೃತ್ತಿಗಳನ್ನು ಪೆನ್‌ಡ್ರೈವ್‌ನಲ್ಲಿ ತಂದು ಹಾಕುವವರು ಹೆಚ್ಚುತ್ತಿದ್ದಾರೆ. ಹಳೆಯ ವಿಂಡೋಸನ್ನು ತೆಗೆಯುವುದಿಲ್ಲ, ಏಕೆಂದರೆ ಕೋರೆಲ್‌ಡ್ರಾ, ಪೇಜ್‌ಮೇಕರ್, ನುಡಿ ಎಲ್ಲವೂ ಅದರಲ್ಲಿವೆ. ಒಂದೇ ಡಿಸ್ಕಿನಲ್ಲಿ ಎರಡೂ ಇರಲಿ, ಶುರುವಾಗುವಾಗ ಯಾವುದು ಬೇಕೋ ಅದನ್ನು ಆರಿಸಿಕೊಂಡರಾಯಿತು ಎಂಬ ಲೆಕ್ಕಾಚಾರ. ಇದನ್ನೇ ಡ್ಯುಯಲ್ ಬೂಟ್ ಎನ್ನುತ್ತಾರೆ.

ಲೆಕ್ಕಾಚಾರ ಸರಿಯೇ ಇದೆ. ಮರುದಿನ ಫೋನ್ ಬರುತ್ತದೆ. ‘ಸರ್, ಲಿನಕ್ಸ್‌ದಾಗ ಡಿ ಡ್ರೈವ್ ಕಾಣವಲ್ತ್ರೀ. ಮದಿವಿ ಕಾರ್ಡ್ ಎಲ್ಲಾ ಅದರಾಗ ಅದಾವು. ಹೋದುವೇನ್ರೀ?’

ಹೋಗಿಲ್ಲ. ಡಿ ಡ್ರೈವ್ ಎಂಬ ಹೆಸರು ವಿಂಡೋಸ್ ಇಟ್ಟದ್ದು, ಲಿನಕ್ಸ್‌ಗೆ ಆ ಅಕ್ಷರಗಳ ಗೊಡವೆ ಇಲ್ಲ. ಲಿನಕ್ಸ್‌ನಲ್ಲಿ ಫೈಲ್ಸ್ ತೆರೆದು ಎಡಬದಿಯ ಪಟ್ಟಿಯಲ್ಲಿ ಕೆಳಗೆ ನೋಡಿದರೆ ‘250 ಜಿಬಿ ವಾಲ್ಯೂಮ್’ ಎಂದೋ, ನೀವು ಆ ಡ್ರೈವಿಗೆ ಹಿಂದೆ ಯಾವುದಾದರೂ ಹೆಸರು ಕೊಟ್ಟಿದ್ದರೆ ಆ ಹೆಸರಿನಲ್ಲೋ ಅದು ಕೂತಿರುತ್ತದೆ. ಕೆಲವು ಆವೃತ್ತಿಗಳಲ್ಲಿ ‘ಅದರ್ ಲೊಕೇಶನ್ಸ್’ ಒತ್ತಬೇಕು. ಅದರ ಮೇಲೆ ಕ್ಲಿಕ್ ಮಾಡಿ, ಕೇಳಿದರೆ ನಿಮ್ಮ ಲಿನಕ್ಸ್ ಪಾಸ್‌ವರ್ಡ್ ಕೊಡಿ, ತೆರೆದುಕೊಳ್ಳುತ್ತದೆ. ಹೀಗೆ ತೆರೆದುಕೊಳ್ಳುವುದಕ್ಕೆ ಮೌಂಟ್ ಎಂದು ಹೆಸರು. ಸಿ ಡ್ರೈವ್ ಬೇಕಿದ್ದರೆ ಅದೂ ಅಲ್ಲೇ ಸಿಗುತ್ತದೆ. ಅದರೊಳಗೆ ಯೂಸರ್ಸ್ ಎಂಬ ಫೋಲ್ಡರ್, ಅದರೊಳಗೆ ನಿಮ್ಮ ಹೆಸರಿನ ಫೋಲ್ಡರ್, ಅದರೊಳಗೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್. ವಿಂಡೋಸ್‌ನಲ್ಲಿ ಡೆಸ್ಕ್‌ಟಾಪ್ ಮೇಲೆ ಹರಡಿಕೊಂಡಿರುವ ಸಮಸ್ತವೂ ಈ ದಾರಿಯಲ್ಲಿ ಸಿಗುತ್ತದೆ.

ಇದು ಇಷ್ಟು ಸಲೀಸಾದದ್ದು ಬಹಳ ಹಿಂದೇನಲ್ಲ. ಡಿಸ್ಕಿನ ಮೇಲೆ ಯಾವ ಫೈಲು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಲೆಕ್ಕ ಇಡುವ ಪದ್ಧತಿಗೆ ಫೈಲ್ ಸಿಸ್ಟಮ್ ಎನ್ನುತ್ತಾರೆ. ವಿಂಡೋಸ್ ಬಳಸುವುದು ಎನ್‌ಟಿಎಫ್‌ಎಸ್, 1993ರಲ್ಲಿ ವಿಂಡೋಸ್ ಎನ್‌ಟಿ ಜೊತೆ ಬಂದದ್ದು. ಲಿನಕ್ಸ್ ಬಹುಮಟ್ಟಿಗೆ ಬಳಸುವುದು ಇಎಕ್ಸ್‌ಟಿ4, 2008ರಲ್ಲಿ ಬಳಕೆಗೆ ಸಿದ್ಧವಾದದ್ದು. ಎನ್‌ಟಿಎಫ್‌ಎಸ್‌ನ ಒಳಗುಟ್ಟನ್ನು ಮೈಕ್ರೋಸಾಫ್ಟ್ ಪೂರ್ತಿಯಾಗಿ ಬಿಟ್ಟುಕೊಟ್ಟಿರಲಿಲ್ಲ. ಲಿನಕ್ಸ್‌ನವರು ಡಿಸ್ಕನ್ನು ಹೊರಗಿನಿಂದ ಕೆದಕಿ ಕೆದಕಿ ಅದರ ಲೆಕ್ಕದ ರೀತಿಯನ್ನು ತಿಳಿದುಕೊಂಡರು. ಮೊದಮೊದಲು ಓದಲು ಮಾತ್ರ ಬರುತ್ತಿತ್ತು, ಬರೆಯಲು ಹೋದರೆ ಇಡೀ ಡ್ರೈವ್ ಕೆಡುವ ಭಯ. 2007ರಲ್ಲಿ ಎನ್‌ಟಿಎಫ್‌ಎಸ್-3ಜಿ ಎಂಬ ಡ್ರೈವರ್ ಪಕ್ವವಾದ ಮೇಲೆ ಧೈರ್ಯವಾಗಿ ಬರೆಯುವಂತಾಯಿತು. 2021ರಲ್ಲಿ ಪ್ಯಾರಗಾನ್ ಎಂಬ ಕಂಪನಿ ಕೊಟ್ಟ ಇನ್ನೊಂದು ಡ್ರೈವರ್ ಲಿನಕ್ಸ್‌ನ ತಿರುಳಿನೊಳಕ್ಕೇ, ಅಂದರೆ 5.15ನೇ ಕರ್ನೆಲ್‌ಗೆ, ಸೇರಿಕೊಂಡಿತು.

ವಿಂಡೋಸ್ ಕಡೆಯಿಂದ ಇಂಥ ಪ್ರಯತ್ನ ನಡೆಯಲಿಲ್ಲ. ಅದಕ್ಕೆ ಲಿನಕ್ಸ್‌ನ ಡಿಸ್ಕ್ ಇವತ್ತಿಗೂ ನೇರವಾಗಿ ಓದಲು ಬಾರದು. ಅನಂತಪುರದವರಿಗೆ ಇದನ್ನು ವಿವರಿಸುವುದು ಸುಲಭ. ಗಡಿಭಾಗದ ನಮ್ಮ ಮಂದಿ ಜತ್ತಕ್ಕೆ ಹೋದರೆ ಮರಾಠಿ ಬೋರ್ಡು ಓದುತ್ತಾರೆ, ಅಥಣಿಗೆ ಬಂದರೆ ಕನ್ನಡ ಬೋರ್ಡು ಓದುತ್ತಾರೆ. ಎಲ್ಲಿಂದಲೋ ವರ್ಗವಾಗಿ ಬಂದ ಸಾಹೇಬರಿಗೆ ಒಂದೇ ಬರುತ್ತದೆ. ಲಿನಕ್ಸ್ ಗಡಿಭಾಗದ ಮಂದಿಯ ಹಾಗೆ, ವಿಂಡೋಸ್ ಆ ಸಾಹೇಬರ ಹಾಗೆ.

ಓದಲು ಬಾರದ್ದನ್ನು ಖಾಲಿ ಎಂದುಕೊಳ್ಳುವುದು ವಿಂಡೋಸ್‌ನ ದೊಡ್ಡ ದೋಷ. ಲಿನಕ್ಸ್‌ನಲ್ಲಿ ತಯಾರಿಸಿದ ಡಿಸ್ಕನ್ನು ವಿಂಡೋಸ್ ಇರುವ ಕಂಪ್ಯೂಟರಿಗೆ ಜೋಡಿಸಿದರೆ, ಕೆಲವೊಮ್ಮೆ ಅದಕ್ಕೊಂದು ಡ್ರೈವ್ ಅಕ್ಷರ ಕೊಟ್ಟು, ‘ಈ ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ?’ ಎಂದು ಕೇಳುತ್ತದೆ. ಕೇಳುವ ಧಾಟಿ ಎಷ್ಟು ಸಹಜವಾಗಿರುತ್ತದೆ ಎಂದರೆ, ಪ್ರಿಂಟರ್ ಬಗ್ಗೆಯೋ ಅಪ್‌ಡೇಟ್ ಬಗ್ಗೆಯೋ ಬರುವ ಹತ್ತಾರು ಪೆಟ್ಟಿಗೆಗಳಿಗೆ ಹೂಂ ಎನ್ನುತ್ತ ಬಂದ ಕೈ ಇದಕ್ಕೂ ಹೂಂ ಎಂದುಬಿಡುತ್ತದೆ. ಆಮೇಲೆ ಲಿನಕ್ಸ್‌ನಲ್ಲಿದ್ದ ಫೈಲುಗಳನ್ನು ಮರಳಿ ಪಡೆಯುವುದು ಹಣ, ಕಾಲ, ಅದೃಷ್ಟ ಮೂರನ್ನೂ ಕೇಳುವ ಕೆಲಸ. ಕಂಪ್ಯೂಟರಿನ ಒಳಗಿನ ಡಿಸ್ಕಿನಲ್ಲಿರುವ ಲಿನಕ್ಸ್ ಭಾಗವನ್ನು ಈಗಿನ ವಿಂಡೋಸ್ ಸಾಮಾನ್ಯವಾಗಿ ತೋರಿಸುವುದೇ ಇಲ್ಲ, ಅದರ ಮಟ್ಟಿಗೆ ಪುಣ್ಯ. ಆದರೆ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ ಹೆಸರಿಲ್ಲದ ಒಂದು ಪಾರ್ಟಿಷನ್ ಕಾಣುತ್ತದೆ. ‘ಇದು ಸುಮ್ಮನೆ ಬಿದ್ದಿದೆ’ ಎಂದು ಯಾರಾದರೂ ಜಾಣರು ಅದನ್ನು ಡಿಲೀಟ್ ಮಾಡಿ ಸಿ ಡ್ರೈವಿಗೆ ಸೇರಿಸಿದರೆ ಲಿನಕ್ಸ್ ಹೋಗುವುದಷ್ಟೇ ಅಲ್ಲ, ಮರುದಿನ ಕಂಪ್ಯೂಟರ್ ಹಚ್ಚಿದಾಗ ಕಪ್ಪು ಪರದೆಯ ಮೇಲೆ ಗ್ರಬ್ ಎಂಬ ಪದ ಮಿನುಗುತ್ತ ನಿಂತಿರುತ್ತದೆ. ಎರಡರಲ್ಲಿ ಯಾವುದನ್ನು ಎಬ್ಬಿಸಬೇಕು ಎಂದು ಕೇಳುವ ಮೆನು ನಡೆಯಲು ಬೇಕಾದ ಫೈಲುಗಳು ಅಳಿಸಿಹೋದ ಆ ಭಾಗದಲ್ಲೇ ಇದ್ದವು.

ವಿಂಡೋಸ್‌ನಿಂದಲೇ ಲಿನಕ್ಸ್ ಕಡೆಯ ಒಂದು ಫೈಲ್ ಬೇಕೇ ಬೇಕು ಎನ್ನುವವರಿಗೆ ಓದಲು ಮಾತ್ರ ಬಿಡುವ ತಂತ್ರಾಂಶಗಳಿವೆ. ಡಿಸ್ಕ್‌ಇಂಟರ್ನಲ್ಸ್ ಕಂಪನಿಯ ಲಿನಕ್ಸ್ ರೀಡರ್ ಅಂಥದ್ದು, ಅದರಿಂದ ಫೈಲನ್ನು ಹೊರಕ್ಕೆ ಪ್ರತಿ ಮಾಡಿಕೊಳ್ಳಬಹುದು. ಮೈಕ್ರೋಸಾಫ್ಟ್‌ನದೇ ಡಬ್ಲ್ಯುಎಸ್‌ಎಲ್ ಎಂಬ ಸೌಲಭ್ಯದಲ್ಲಿ ಲಿನಕ್ಸ್ ಡಿಸ್ಕನ್ನು ಮೌಂಟ್ ಮಾಡುವ ಕಮಾಂಡ್ ಇದೆ. ಆದರೆ ಅದು ಇಡೀ ಡಿಸ್ಕನ್ನೇ ವಶಕ್ಕೆ ಕೇಳುತ್ತದೆ. ವಿಂಡೋಸ್ ನಡೆಯುತ್ತಿರುವ ಡಿಸ್ಕನ್ನು ಕೊಡಲು ಬರುವುದಿಲ್ಲವಾದ್ದರಿಂದ ಒಂದೇ ಡಿಸ್ಕಿನ ಕಂಪ್ಯೂಟರಿನವರಿಗೆ ಅದರಿಂದ ಪ್ರಯೋಜನವಿಲ್ಲ. ಇಎಕ್ಸ್‌ಟಿ2ಎಫ್‌ಎಸ್‌ಡಿ ಎಂಬ ಹಳೆಯ ಡ್ರೈವರೊಂದರ ಹೆಸರನ್ನೂ ಯಾರಾದರೂ ಹೇಳಿಯಾರು. ಅದರಿಂದ ಇಎಕ್ಸ್‌ಟಿ4 ಡಿಸ್ಕಿಗೆ ಬರೆಸುವ ಸಾಹಸ ಬೇಡ. ನನ್ನ ಅಭಿಪ್ರಾಯ ಕೇಳಿದರೆ, ಈ ದಾರಿಯೇ ಬೇಡ. ಎರಡೂ ಕಡೆ ಬೇಕಾಗುವ ಫೈಲುಗಳನ್ನು ವಿಂಡೋಸ್‌ನ ಡಿ ಡ್ರೈವಿನಲ್ಲೇ ಇಟ್ಟು, ಲಿನಕ್ಸ್‌ನಿಂದ ಅಲ್ಲಿಗೆ ಹೋಗಿ ಕೆಲಸ ಮಾಡುವುದು ಒಳ್ಳೆಯದು.

ಡಿ ಡ್ರೈವನ್ನು ಯಾವ ಫೈಲ್ ಸಿಸ್ಟಮ್‌ನಲ್ಲಿ ಇಡಬೇಕು ಎಂಬ ಪ್ರಶ್ನೆಗೂ ಊರು ನೋಡಿಯೇ ಉತ್ತರ ಹೇಳಬೇಕು. ಫ್ಯಾಟ್32 ಎರಡಕ್ಕೂ ಬರುತ್ತದೆ, ಆದರೆ 4 ಜಿಬಿ ಮುಟ್ಟಿದ ಫೈಲನ್ನು ಅದು ಹಿಡಿಯುವುದಿಲ್ಲ, ಒಂದು ಮದುವೆ ವಿಡಿಯೊ ಸಾಕು ಅದನ್ನು ಸೋಲಿಸಲು. ಎಕ್ಸ್‌ಫ್ಯಾಟ್‌ಗೆ ಆ ಮಿತಿಯಿಲ್ಲ. 2019ರಲ್ಲಿ ಮೈಕ್ರೋಸಾಫ್ಟ್ ಅದರ ವಿವರಗಳನ್ನು ಪ್ರಕಟಿಸಿದ ಮೇಲೆ ಲಿನಕ್ಸ್‌ನಲ್ಲೂ ಚೆನ್ನಾಗಿ ನಡೆಯುತ್ತದೆ, ಪೆನ್‌ಡ್ರೈವಿಗೆ ಅದೇ ವಾಸಿ. ಆದರೆ ಬರೆಯುತ್ತಿರುವಾಗ ಕರೆಂಟ್ ಹೋದರೆ ಅರ್ಧಕ್ಕೆ ನಿಂತ ಕೆಲಸವನ್ನು ಸರಿಪಡಿಸಿಕೊಳ್ಳಲು ಬೇಕಾದ ಜರ್ನಲ್, ಅಂದರೆ ಮುಂಚಿತವಾಗಿ ಬರೆದಿಡುವ ಟಿಪ್ಪಣಿ, ಎಕ್ಸ್‌ಫ್ಯಾಟ್‌ನಲ್ಲಿಲ್ಲ, ಎನ್‌ಟಿಎಫ್‌ಎಸ್‌ನಲ್ಲಿದೆ. ಬೇಸಿಗೆಯಲ್ಲಿ ತ್ರೀ ಫೇಸ್ ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂದು ಕಾಯುತ್ತ ಕೂರುವ ಸೀಮೆಯಲ್ಲಿ, ಯುಪಿಎಸ್ ಬ್ಯಾಟರಿ ಸತ್ತು ವರ್ಷವಾದ ಅಂಗಡಿಯಲ್ಲಿ, ಎನ್‌ಟಿಎಫ್‌ಎಸ್ ಬಿಟ್ಟು ಬೇರೆ ಆರಿಸಬೇಡಿ.

ಇಷ್ಟೆಲ್ಲ ಸರಿಯಾಗಿದ್ದೂ ಒಂದು ದಿನ ಲಿನಕ್ಸ್ ಆ ಡ್ರೈವನ್ನು ತೆರೆಯಲು ನಿರಾಕರಿಸುತ್ತದೆ. ಅಥವಾ ತೆರೆದು, ಓದಬಹುದು ಆದರೆ ಏನನ್ನೂ ಸೇವ್ ಮಾಡುವಂತಿಲ್ಲ ಎನ್ನುತ್ತದೆ. ಡ್ಯುಯಲ್ ಬೂಟ್ ಮಾಡಿಕೊಂಡವರ ದೂರುಗಳಲ್ಲಿ ನನಗೆ ಅತಿ ಹೆಚ್ಚು ಕೇಳಿಬರುವುದು ಇದೇ. ಸಂದೇಶದಲ್ಲಿ ‘ಹೈಬರ್ನೇಟೆಡ್’ ಎಂಬ ಪದವೋ ‘ಅನ್‌ಕ್ಲೀನ್’ ಎಂಬ ಪದವೋ ಇರುತ್ತದೆ. ‘ನಿನ್ನೆ ರಾತ್ರಿ ಸರಿಯಾಗಿ ಶಟ್‌ಡೌನ್ ಮಾಡೀನ್ರೀ’ ಎಂದು ಅಂಗಡಿಯವರು ಆಣೆ ಮಾಡುತ್ತಾರೆ. ಅವರ ಮಾತು ಸುಳ್ಳಲ್ಲ. ಶಟ್‌ಡೌನ್ ಆಗಿದೆ ಎಂದು ತೋರಿಸಿದ ವಿಂಡೋಸ್ ಪೂರ್ತಿ ಬಂದ್ ಆಗಿಲ್ಲ.

2012ರಲ್ಲಿ ವಿಂಡೋಸ್ 8 ಬಂದಾಗ ಅದರ ಜೊತೆ ಫಾಸ್ಟ್ ಸ್ಟಾರ್ಟಪ್ ಬಂತು. ಶಟ್‌ಡೌನ್ ಒತ್ತಿದಾಗ ನೀವು ತೆರೆದಿದ್ದ ಕೆಲಸಗಳೆಲ್ಲ ಮುಚ್ಚುತ್ತವೆ ನಿಜ, ಆದರೆ ವಿಂಡೋಸ್‌ನ ತಿರುಳು ಮುಚ್ಚುವುದಿಲ್ಲ. ಆ ಹೊತ್ತಿನಲ್ಲಿ ಮೆಮೊರಿಯಲ್ಲಿದ್ದ ತನ್ನ ಸ್ಥಿತಿಯನ್ನು ಡಿಸ್ಕಿನ ಒಂದು ಫೈಲಿಗೆ ಬರೆದಿಟ್ಟು ಮಲಗುತ್ತದೆ. ಬೆಳಿಗ್ಗೆ ಹಚ್ಚಿದಾಗ ಮೊದಲಿನಿಂದ ಶುರುಮಾಡದೆ ಬರೆದಿಟ್ಟದ್ದನ್ನೇ ಓದಿಕೊಂಡು ಎದ್ದುಬಿಡುತ್ತದೆ. ಹಾಗಾಗಿ ಬೇಗ ಏಳುತ್ತದೆ. ತೊಡಕು ಎಲ್ಲಿ ಎಂದರೆ, ಆ ಬರೆದಿಟ್ಟ ಸ್ಥಿತಿಯಲ್ಲಿ ಡ್ರೈವುಗಳ ಲೆಕ್ಕವೂ ಸೇರಿದೆ. ಯಾವ ಫೋಲ್ಡರಿನಲ್ಲಿ ಏನಿದೆ, ಎಲ್ಲಿ ಜಾಗ ಖಾಲಿ ಇದೆ ಎಂಬುದನ್ನು ವಿಂಡೋಸ್ ನಿನ್ನೆ ರಾತ್ರಿ ಇದ್ದಂತೆಯೇ ನೆನಪಿಟ್ಟುಕೊಂಡಿದೆ. ನಡುವೆ ಲಿನಕ್ಸ್ ಬಂದು ಡಿ ಡ್ರೈವಿನಲ್ಲಿ ಹೊಸ ಫೈಲ್ ಬರೆದರೆ, ವಿಂಡೋಸ್ ಎದ್ದ ಮೇಲೆ ಅದೇ ಜಾಗ ಇನ್ನೂ ಖಾಲಿ ಎಂದುಕೊಂಡು ಅದರ ಮೇಲೆ ಇನ್ನೊಂದನ್ನು ಬರೆಯಬಹುದು. ಎರಡೂ ಹಾಳು. ಇದನ್ನು ತಪ್ಪಿಸಲೆಂದೇ ಲಿನಕ್ಸ್ ‘ನಾನು ಬರೆಯುವುದಿಲ್ಲ’ ಎಂದು ಹಿಂದೆ ಸರಿಯುತ್ತದೆ. ಬೈಯಬೇಕಾದದ್ದು ಲಿನಕ್ಸನ್ನಲ್ಲ.

ಕೂಡಲೇ ಮಾಡಬೇಕಾದದ್ದು ಇಷ್ಟು: ವಿಂಡೋಸ್‌ಗೆ ಹೋಗಿ, ಶಟ್‌ಡೌನ್ ಬದಲು ರೀಸ್ಟಾರ್ಟ್ ಒತ್ತಿ, ಮೆನು ಬಂದಾಗ ಲಿನಕ್ಸ್ ಆರಿಸಿ. ವಿಚಿತ್ರ ಎನಿಸಿದರೂ ನಿಜ, ವಿಂಡೋಸ್‌ನಲ್ಲಿ ಪೂರ್ತಿ ಬಂದ್ ಆಗುವುದು ರೀಸ್ಟಾರ್ಟ್ ಒತ್ತಿದಾಗ. ಶಿಫ್ಟ್ ಕೀ ಹಿಡಿದುಕೊಂಡು ಶಟ್‌ಡೌನ್ ಒತ್ತಿದರೂ ಆಗುತ್ತದೆ. ಶಾಶ್ವತವಾಗಿ ಬೇಕೆಂದರೆ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪವರ್ ಆಪ್ಷನ್ಸ್‌ಗೆ ಹೋಗಿ, ಪವರ್ ಬಟನ್ ಏನು ಮಾಡಬೇಕು ಎಂದು ಕೇಳುವ ಕಡೆ ‘ಟರ್ನ್ ಆನ್ ಫಾಸ್ಟ್ ಸ್ಟಾರ್ಟಪ್’ ಎಂಬುದರ ಮುಂದಿನ ಟಿಕ್ ತೆಗೆಯಿರಿ. ಅದು ಮಸುಕಾಗಿ ಕಂಡರೆ ಮೇಲ್ಗಡೆ ‘ಚೇಂಜ್ ಸೆಟ್ಟಿಂಗ್ಸ್’ ಎಂದು ಶುರುವಾಗುವ ಸಾಲನ್ನು ಮೊದಲು ಒತ್ತಬೇಕು. ವಿಂಡೋಸ್‌ನ ದೊಡ್ಡ ಅಪ್‌ಡೇಟ್ ಆದ ಮೇಲೆ ಆ ಟಿಕ್ ಮತ್ತೆ ಬಂದು ಕೂತಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ. ಯೂಟ್ಯೂಬ್ ನೋಡಿ ಲಿನಕ್ಸ್‌ನಿಂದಲೇ ಬಲವಂತವಾಗಿ ತೆರೆಸುವವರಿದ್ದಾರೆ. ವಿಂಡೋಸ್ ಬರೆದಿಟ್ಟ ಆ ನೆನಪನ್ನೇ ಅಳಿಸಿಹಾಕುವ ಕಮಾಂಡೂ ಇದೆ. ವಿಂಡೋಸ್ ಏಳುವ ಸ್ಥಿತಿಯಲ್ಲಿದ್ದರೆ ಅದೆಲ್ಲ ಬೇಕಿಲ್ಲ. ಅದರೊಳಗೆ ಹೋಗಿ ಡ್ರೈವನ್ನು ಚೆಕ್‌ಡಿಸ್ಕ್‌ನಿಂದ ಒಮ್ಮೆ ತಪಾಸಣೆ ಮಾಡಿಸಿ ರೀಸ್ಟಾರ್ಟ್ ಮಾಡಿದರೆ ಸಾಕು.

ಕನ್ನಡದಲ್ಲಿ ಫೈಲಿಗೆ ಹೆಸರಿಡುವವರು ಇನ್ನೊಂದು ವಿಚಿತ್ರವನ್ನು ಎದುರಿಸುತ್ತಾರೆ. ಇಂಗ್ಲಿಷ್‌ನಲ್ಲಿ ಹೆಸರಿಡುವವರಿಗೆ ಇದು ಕನಸಿನಲ್ಲೂ ಬರುವುದಿಲ್ಲ. ಎನ್‌ಟಿಎಫ್‌ಎಸ್ ಫೈಲಿನ ಹೆಸರಿಗೆ 255 ಅಕ್ಷರ ಸಂಕೇತಗಳವರೆಗೆ ಬಿಡುತ್ತದೆ. ಇಎಕ್ಸ್‌ಟಿ4 ಬಿಡುವುದು 255 ಬೈಟ್. ಇಂಗ್ಲಿಷ್‌ನ ಒಂದು ಅಕ್ಷರಕ್ಕೆ ಒಂದು ಬೈಟ್, ಹಾಗಾಗಿ ಅವರಿಗೆ ಎರಡೂ ಒಂದೇ. ಕನ್ನಡದ ಒಂದೊಂದು ಸಂಕೇತ ಲಿನಕ್ಸ್‌ನಲ್ಲಿ ಮೂರು ಬೈಟ್ ತಿನ್ನುತ್ತದೆ. ‘ಶ್ರೀ’ ಎಂಬುದು ನಮ್ಮ ಕಣ್ಣಿಗೆ ಒಂದೇ ಅಕ್ಷರ, ಕಂಪ್ಯೂಟರಿಗೆ ಶ, ಹಲಂತ ಚಿಹ್ನೆ, ರ, ದೀರ್ಘದ ಗುಣಿತ ಎಂದು ನಾಲ್ಕು. ಒಟ್ಟು 12 ಬೈಟ್. ಎನ್‌ಟಿಎಫ್‌ಎಸ್‌ನಲ್ಲಿ ಒಂದು ಹೆಸರಿನಲ್ಲಿ 63 ಶ್ರೀ ಹಿಡಿಯುತ್ತವೆ, ಇಎಕ್ಸ್‌ಟಿ4ನಲ್ಲಿ 21ಕ್ಕೆ ಮುಗಿಯಿತು. ಜಾತ್ರೆಯ ಕರಪತ್ರಕ್ಕೆ ದೇವರ ಹೆಸರು, ಊರಿನ ಹೆಸರು, ಕಮಿಟಿಯ ಹೆಸರು, ಇಸವಿ ಎಲ್ಲ ಸೇರಿಸಿ ಹೆಸರಿಟ್ಟವರು ಅದನ್ನು ಡಿ ಡ್ರೈವಿನಿಂದ ಲಿನಕ್ಸ್‌ನ ಹೋಮ್ ಫೋಲ್ಡರಿಗೆ ಪ್ರತಿ ಮಾಡಲು ಹೋದರೆ ‘ಫೈಲ್ ನೇಮ್ ಟೂ ಲಾಂಗ್’ ಎಂದು ಬರುತ್ತದೆ. ಫೈಲು ಕೆಟ್ಟಿಲ್ಲ, ಹೆಸರು ಗಿಡ್ಡ ಮಾಡಿದರೆ ಹೋಗುತ್ತದೆ.

ಇದರ ಉಲ್ಟಾ ಇನ್ನೊಂದಿದೆ. ‘ಉತಾರ: ಸರ್ವೆ ನಂಬರ್ ಇಷ್ಟು’ ಎಂದು ನಡುವೆ ಎರಡು ಚುಕ್ಕಿ ಇಟ್ಟು ಹೆಸರಿಡುವುದು ಲಿನಕ್ಸ್‌ನಲ್ಲಿ ನಡೆಯುತ್ತದೆ. ವಿಂಡೋಸ್ ಆ ಚಿಹ್ನೆಯನ್ನು, ಪ್ರಶ್ನಾರ್ಥಕ ಚಿಹ್ನೆಯನ್ನು, ನಕ್ಷತ್ರವನ್ನು ಹೆಸರಿನೊಳಗೆ ಒಪ್ಪುವುದಿಲ್ಲ. ಲಿನಕ್ಸ್‌ನಿಂದ ಡಿ ಡ್ರೈವಿಗೆ ಹಾಗೆ ಉಳಿಸಿದ ಫೈಲು ವಿಂಡೋಸ್‌ನ ಪಟ್ಟಿಯಲ್ಲಿ ಕಂಡರೂ ತೆರೆಯಲು ಬರುವುದಿಲ್ಲ, ಅಳಿಸಲೂ ಬರುವುದಿಲ್ಲ. ಮತ್ತೆ ಲಿನಕ್ಸ್‌ಗೆ ಹೋಗಿ ಹೆಸರು ಬದಲಿಸಬೇಕು. ಇನ್ನು ಕನ್ನಡ ಗಣಕ ಪರಿಷತ್ತಿನ ಹಳೆಯ ನುಡಿ ಫಾಂಟುಗಳಲ್ಲಿ ಟೈಪ್ ಮಾಡಿದ ಪತ್ರಗಳನ್ನು ಲಿನಕ್ಸ್‌ನ ಲಿಬ್ರೆ ಆಫೀಸ್‌ನಲ್ಲಿ ತೆರೆದಾಗ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಂಡರೆ ಗಾಬರಿಯಾಗಬೇಡಿ. ಆ ಫಾಂಟು ಲಿನಕ್ಸ್‌ನಲ್ಲಿಲ್ಲ, ಅಷ್ಟೇ. ಸಿ ಡ್ರೈವಿನ ವಿಂಡೋಸ್ ಫೋಲ್ಡರಿನಲ್ಲಿ ಫಾಂಟ್ಸ್ ಎಂಬುದರೊಳಗೆ ನುಡಿ ಇರುತ್ತದೆ. ಅದನ್ನು ಲಿನಕ್ಸ್‌ನಲ್ಲೂ ಹಾಕಿಕೊಂಡರೆ ಅಕ್ಷರ ಮೂಡುತ್ತವೆ. ಉಳಿಯಬೇಕಾದ ಪತ್ರವಾದರೆ ಯೂನಿಕೋಡ್‌ಗೆ ಬದಲಿಸಿ ಇಡುವುದೇ ಒಳ್ಳೆಯದು.

ಕೇರಳದ ಗಡಿಯಲ್ಲಿರುವ ನಮ್ಮ ಕನ್ನಡದ ಮಕ್ಕಳಿಗೆ ಇದೆಲ್ಲ ಹೊಸದಲ್ಲ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೂ ಸೇರಿದಂತೆ ಕೇರಳದ ಸರಕಾರಿ ಶಾಲೆಗಳ ಕಂಪ್ಯೂಟರ್ ಪಾಠ ನಡೆಯುವುದು ಲಿನಕ್ಸ್ ಮೇಲೆ. 2001ರಲ್ಲಿ ಶುರುವಾದ ಐಟಿ@ಸ್ಕೂಲ್ ಯೋಜನೆ ಕ್ರಮೇಣ ಮುಕ್ತ ತಂತ್ರಾಂಶದ ಕಡೆ ಹೊರಳಿತು. 2017ರಲ್ಲಿ ಅದು ಕೈಟ್ ಎಂಬ ಸರಕಾರಿ ಕಂಪನಿಯಾಯಿತು. ಉಬುಂಟು ಆಧಾರದ ಅದರ ಲಿನಕ್ಸ್‌ನಲ್ಲೇ ಹತ್ತನೆಯ ತರಗತಿಯ ಐಟಿ ಪ್ರಾಯೋಗಿಕ ಪರೀಕ್ಷೆಯೂ ನಡೆಯುತ್ತದೆ. ಶಾಲೆಯಲ್ಲಿ ಲಿನಕ್ಸ್ ಕಲಿತು ಮನೆಯಲ್ಲಿ ವಿಂಡೋಸ್ ಹಚ್ಚುವ ಮಕ್ಕಳಿಗೆ ಎರಡರ ನಡುವೆ ಓಡಾಡುವುದು ಮಾಮೂಲು. ನಮ್ಮಲ್ಲಿ ಲಿನಕ್ಸ್ ಬರುವುದು ವಿಂಡೋಸ್ ಕೈಕೊಟ್ಟ ಮೇಲೆ.

ಕೈಕೊಟ್ಟಾಗ ಅದು ಉಪಕಾರಕ್ಕೂ ಬರುತ್ತದೆ, ಈ ಮಾತನ್ನು ಹೇಳದಿದ್ದರೆ ತಪ್ಪಾಗುತ್ತದೆ. ವಿಂಡೋಸ್ ಏಳುತ್ತಲೇ ಇಲ್ಲ, ನೀಲಿ ಪರದೆ ಬಂದು ನಿಲ್ಲುತ್ತದೆ ಎಂದರೆ ಮೆಕ್ಯಾನಿಕ್ ಮೊದಲು ಹೇಳುವುದು ‘ಫಾರ್ಮ್ಯಾಟ್ ಹೊಡೀಬೇಕ್ರೀ’. ಅದಕ್ಕೆ ಒಪ್ಪುವ ಮುನ್ನ ಲಿನಕ್ಸ್ ಮಿಂಟ್ ಇರುವ ಪೆನ್‌ಡ್ರೈವಿನಿಂದ ಕಂಪ್ಯೂಟರ್ ಹಚ್ಚಿ, ಡಿಸ್ಕಿಗೆ ಏನೂ ಹಾಕದೆ, ಪೆನ್‌ಡ್ರೈವಿನಿಂದಲೇ ನಡೆಸಿ ನೋಡಿ. ಡಿಸ್ಕ್ ಜೀವಂತ ಇದ್ದರೆ ಸಿ ಡ್ರೈವಿನ ಫೈಲುಗಳೆಲ್ಲ ಕಾಣುತ್ತವೆ. ಹೊರಗಿನ ಡಿಸ್ಕಿಗೆ ಪ್ರತಿ ಮಾಡಿಕೊಂಡು ಆಮೇಲೆ ಬೇಕಾದ್ದು ಹೊಡೆಯಲಿ.

ಇಲ್ಲೊಂದು ಕಹಿ ಸಂಗತಿ ಇದೆ. ನೀವು ಪೆನ್‌ಡ್ರೈವಿನಿಂದ ಹೀಗೆ ಓದಬಲ್ಲಿರಿ ಎಂದಾದರೆ ಯಾರು ಬೇಕಾದರೂ ಓದಬಲ್ಲರು. ವಿಂಡೋಸ್‌ಗೆ ಹಾಕಿದ ಪಾಸ್‌ವರ್ಡ್ ವಿಂಡೋಸ್ ನಡೆಯುತ್ತಿರುವಾಗ ಮಾತ್ರ ಬಾಗಿಲು ಕಾಯುತ್ತದೆ. ಲಿನಕ್ಸ್ ಅದನ್ನು ಕೇಳುವುದೂ ಇಲ್ಲ. ಊರಿನ ಅರ್ಧ ಮಂದಿಯ ಆಧಾರ್ ಕಾರ್ಡು, ಪಾಸ್‌ಬುಕ್ಕು, ಪಾನ್ ಕಾರ್ಡಿನ ಸ್ಕ್ಯಾನ್‌ಗಳು ಅಂಗಡಿಯ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ವರ್ಷಗಟ್ಟಲೆ ಬಿದ್ದಿರುತ್ತವೆ. ಆ ಕಂಪ್ಯೂಟರು ರಿಪೇರಿಗೆ ಹೋದಾಗ, ಮಾರಾಟವಾದಾಗ, ಅವೂ ಜೊತೆಗೆ ಹೋಗುತ್ತವೆ. ಕೆಲಸ ಮುಗಿದ ಕೂಡಲೇ ಗಿರಾಕಿಯ ಕಾಗದವನ್ನು ಅಳಿಸುವುದು ಅಂಗಡಿಯವರ ಜವಾಬ್ದಾರಿ, ಕೇಳುವುದು ಗಿರಾಕಿಯ ಹಕ್ಕು.

ಇದಕ್ಕೆ ಬೀಗ ಹಾಕುವುದು ಬಿಟ್‌ಲಾಕರ್. ಇಡೀ ಡ್ರೈವನ್ನೇ ಗುಪ್ತಲಿಪಿಗೆ ಬದಲಿಸಿಬಿಡುತ್ತದೆ. 2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯಿಂದೀಚೆಗೆ, ಹೊಸದಾಗಿ ವಿಂಡೋಸ್ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ಹೆಚ್ಚಿನ ಯಂತ್ರಗಳಲ್ಲಿ ಈ ಗುಪ್ತಲಿಪಿ ತಾನಾಗಿಯೇ ಚಾಲೂ ಆಗುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. ಗೊತ್ತಾಗುವುದು ಲಿನಕ್ಸ್ ಹಾಕಿದ ದಿನ. ಡ್ರೈವ್ ಮೇಲೆ ಕ್ಲಿಕ್ ಮಾಡಿದರೆ ಕೀ ಕೇಳುತ್ತದೆ. ಕಂಪ್ಯೂಟರ್ ಎದ್ದೇಳುವ ಕ್ರಮವನ್ನು ಬದಲಿಸಿದ್ದಕ್ಕೆ ಸಂಶಯಪಟ್ಟು ವಿಂಡೋಸ್ ಕೂಡ ಕೀ ಕೇಳಬಹುದು. ಅದು 48 ಅಂಕಿಗಳ ರಿಕವರಿ ಕೀ. ಕೊಟ್ಟರೆ ಎರಡೂ ಕಡೆ ಬಾಗಿಲು ತೆರೆಯುತ್ತದೆ, ಕೊಡದಿದ್ದರೆ ಯಾವ ಮೆಕ್ಯಾನಿಕ್ಕೂ ತೆರೆಯಲಾರ. ಆ ಕೀ ಉಳಿದಿರುವುದು ಲ್ಯಾಪ್‌ಟಾಪನ್ನು ಮೊದಲ ಸಲ ಹಚ್ಚಿದಾಗ ಕೊಟ್ಟ ಇಮೇಲ್‌ನ ಮೈಕ್ರೋಸಾಫ್ಟ್ ಖಾತೆಯಲ್ಲಿ. ಆ ದಿನ ಅಂಗಡಿಯವರು ‘ನಾನs ಎಲ್ಲಾ ಮಾಡಿ ಕೊಡ್ತೀನಿ ಬಿಡ್ರಿ’ ಎಂದು ತಮ್ಮದೇ ಇಮೇಲ್ ಹಾಕಿ ಕೊಟ್ಟಿದ್ದರೆ ನಿಮ್ಮ ಡಿಸ್ಕಿನ ಕೀ ಅವರ ಖಾತೆಯಲ್ಲಿದೆ.

ಲಿನಕ್ಸ್ ಹಾಕಿಸಬೇಕೆಂದಿರುವವರು ಪೆನ್‌ಡ್ರೈವ್ ಚುಚ್ಚುವ ಮುನ್ನ ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್ ತೆರೆದು, ಪ್ರೈವೆಸಿ ಆಂಡ್ ಸೆಕ್ಯುರಿಟಿಯಲ್ಲಿ ‘ಡಿವೈಸ್ ಎನ್‌ಕ್ರಿಪ್ಶನ್’ ಆನ್ ಇದೆಯೇ ನೋಡಿ. ಇದ್ದರೆ ಯಾವ ಇಮೇಲ್ ಖಾತೆಯಲ್ಲಿ ಕೀ ಇದೆ ಎಂದು ಇವತ್ತೇ ಪತ್ತೆ ಮಾಡಿ, ಆ 48 ಅಂಕಿಗಳನ್ನು ಒಂದು ಹಾಳೆಯ ಮೇಲೆ ಬರೆದು, ಕಂಪ್ಯೂಟರಿನ ಹತ್ತಿರವಲ್ಲ, ಮನೆಯಲ್ಲಿ ಹೊಲದ ಕಾಗದಪತ್ರ ಇಡುವ ಕಡೆ ಇಡಿ.